ಹಾಡು ಬಿಡುಗಡೆಯಾಯಿತು, ಆದರೆ ಹಾಡಿನ ಯಾವ ಭಾಗ? ಬ್ರಾಡ್‌ವೇ ಗೀತೆಗಳ ಹಕ್ಕುಸ್ವಾಮ್ಯದ ಲೆಕ್ಕಾಚಾರ

2026ರ ಜನವರಿ 1ರಂದು ಅಮೆರಿಕದಲ್ಲಿ 1930ರಲ್ಲಿ ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯ ಮುಗಿಯಿತು. ಪ್ರತಿ ಹೊಸ ವರ್ಷದ ಮೊದಲ ವಾರ ಪತ್ರಿಕೆಗಳಲ್ಲಿ ಬರುವ ಪಟ್ಟಿಯಲ್ಲಿ ಈ ಸಲ ಸಂಗೀತಾಸಕ್ತರ ಗಮನ ಸೆಳೆದದ್ದು ‘ಗರ್ಲ್ ಕ್ರೇಜಿ’ ಎಂಬ ಬ್ರಾಡ್‌ವೇ ಸಂಗೀತ ನಾಟಕದ ಹಾಡುಗಳು. 1930ರ ಅಕ್ಟೋಬರ್ 14ರಂದು ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲಿ ರಂಗಕ್ಕೆ ಬಂದ ಈ ನಾಟಕಕ್ಕೆ ಜಾರ್ಜ್ ಗರ್ಶ್ವಿನ್ ಮಟ್ಟು ಹಾಕಿದ್ದರು, ಅವರ ಅಣ್ಣ ಐರಾ ಗರ್ಶ್ವಿನ್ ಸಾಹಿತ್ಯ ಬರೆದಿದ್ದರು. ಅಲ್ಲಿಯವರೆಗೆ ಬ್ರಾಡ್‌ವೇ ರಂಗವನ್ನೇ ಹತ್ತದಿದ್ದ ಎತೆಲ್ ಮರ್ಮನ್ ಆ ರಾತ್ರಿ ‘ಐ ಗಾಟ್ ರಿದಮ್’ ಹಾಡಿ ಮನೆಮಾತಾದರು. ಅದೇ ನಾಟಕದ ‘ಎಂಬ್ರೇಸಬಲ್ ಯು’ ಮತ್ತು ‘ಬಟ್ ನಾಟ್ ಫಾರ್ ಮಿ’ ಕೂಡ ಈಗ ಸಾರ್ವಜನಿಕ ಸ್ವತ್ತು, ಅಂದರೆ ಅನುಮತಿ, ಶುಲ್ಕ ಇಲ್ಲದೆ ಯಾರು ಬೇಕಾದರೂ ಬಳಸಬಹುದು.

ಸುದ್ದಿ ಇಷ್ಟು ಸರಳವಾಗಿ ಬಂದರೂ ಓದುಗರಿಗೆ ಗೊಂದಲವೇ ಹೆಚ್ಚು. ಹಾಡು ಬಿಡುಗಡೆಯಾಗಿದೆ ಎಂದು ನಂಬಿ ಹಳೆಯ ಧ್ವನಿಮುದ್ರಿಕೆಯೊಂದನ್ನು ವಿಡಿಯೋಗೆ ಜೋಡಿಸಿದವರಿಗೆ ಮರುದಿನವೇ ಆಕ್ಷೇಪಣೆ ಬರಬಹುದು. ಈ ವರ್ಷ ಬಿಡುಗಡೆಯಾದ ಧ್ವನಿಮುದ್ರಿಕೆಗಳು 1930ರವಲ್ಲ, 1925ರವು ಎಂಬ ಮತ್ತೊಂದು ಸಾಲು ಅದೇ ಸುದ್ದಿಯ ಕೊನೆಯಲ್ಲಿ ಇರುತ್ತದೆ. ಅಮೆರಿಕದಲ್ಲಿ ಮುಗಿದ ಹಕ್ಕು ಭಾರತದಲ್ಲಿಯೂ ಮುಗಿಯಿತೇ ಎಂಬ ಪ್ರಶ್ನೆಗೆ ಆ ಸುದ್ದಿಯಲ್ಲಿ ಉತ್ತರವೇ ಇರುವುದಿಲ್ಲ. ಈ ಗೊಂದಲಗಳೆಲ್ಲ ಹುಟ್ಟುವುದು ಒಂದೇ ಕಡೆಯಿಂದ. ಕೇಳುವವರಿಗೆ ಹಾಡು ಒಂದೇ ಆಗಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಹಲವು ಕೃತಿಗಳ ಕಟ್ಟು, ಆ ಒಂದೊಂದು ಕೃತಿಗೂ ಬೇರೆ ಬೇರೆ ಅವಧಿ.

95 ವರ್ಷ ಎಲ್ಲಿಂದ ಬಂತು

ಅಮೆರಿಕದ ಮೊದಲ ಹಕ್ಕುಸ್ವಾಮ್ಯ ಕಾಯ್ದೆ 1790ರದು. ಅದು ಕೊಟ್ಟದ್ದು 14 ವರ್ಷ. ಲೇಖಕ ಬದುಕಿದ್ದು ಬೇಕೆಂದರೆ ಇನ್ನೂ 14 ವರ್ಷ. ಗರ್ಶ್ವಿನ್ ಸೋದರರ ಕಾಲಕ್ಕೆ ಜಾರಿಯಲ್ಲಿದ್ದ 1909ರ ಕಾಯ್ದೆ 28 ವರ್ಷ, ನವೀಕರಿಸಿದರೆ ಮತ್ತೆ 28 ವರ್ಷ ಕೊಟ್ಟಿತು. ಅಂದರೆ 1930ರಲ್ಲಿ ‘ಐ ಗಾಟ್ ರಿದಮ್’ ಪ್ರಕಟಿಸಿದವರು, ಹೆಚ್ಚೆಂದರೆ 1986ರವರೆಗೆ ಹಾಡು ತಮ್ಮದಾಗಿರುತ್ತದೆ, ಆಮೇಲೆ ಊರಿನದಾಗುತ್ತದೆ ಎಂಬ ಒಪ್ಪಂದದ ಮೇಲೆಯೇ ಪ್ರಕಟಿಸಿದ್ದರು. ಆ ಒಪ್ಪಂದ ಎರಡು ಸಲ ಬದಲಾಯಿತು. 1976ರ ಕಾಯ್ದೆ ಹಳೆಯ ಕೃತಿಗಳ ಒಟ್ಟು ಅವಧಿಯನ್ನು 75 ವರ್ಷಕ್ಕೆ ಹಿಗ್ಗಿಸಿತು. 1998ರ ಅಕ್ಟೋಬರಿನಲ್ಲಿ ಬಂದ, ಗಾಯಕರಾಗಿದ್ದು ಸಂಸದರಾದ ಸಾನಿ ಬೋನೊ ಅವರ ಹೆಸರಿನ ತಿದ್ದುಪಡಿ ಅದನ್ನು 95 ವರ್ಷಕ್ಕೆ ಒಯ್ದಿತು.

ಈ ಎರಡನೇ ವಿಸ್ತರಣೆಯ ಪರಿಣಾಮ ಬಹಳ ಕಾಲ ಉಳಿಯಿತು. 1922ರವರೆಗಿನ ಕೃತಿಗಳು ಅಷ್ಟರಲ್ಲಿ ಬಿಡುಗಡೆಯಾಗಿದ್ದವು. ಆದರೆ 1923ರ ಕೃತಿಗಳು ಹೊಸ್ತಿಲಿನಲ್ಲಿ ಇದ್ದಾಗಲೇ ಬಾಗಿಲು ಮುಚ್ಚಿತು, ಮತ್ತೆ ತೆರೆದದ್ದು 2019ರ ಜನವರಿ 1ರಂದು. ಇಪ್ಪತ್ತು ವರ್ಷ ಕಾಲ ಅವಧಿ ಮುಗಿದು ಸಾರ್ವಜನಿಕರ ಪಾಲಿಗೆ ಬಂದ ಪ್ರಕಟಿತ ಕೃತಿ ಒಂದೂ ಇರಲಿಲ್ಲ. ಹೊಸ ವರ್ಷದ ಪಟ್ಟಿಗಳು ಕೆಲವೇ ವರ್ಷಗಳಿಂದ ಸುದ್ದಿಯಾಗುತ್ತಿರುವುದಕ್ಕೆ ಕಾರಣವೂ ಇದೇ: ಅದಕ್ಕೆ ಮೊದಲು ಪಟ್ಟಿ ಮಾಡಲು ಏನೂ ಇರಲಿಲ್ಲ.

ಹಳೆಯ ಕಾಯ್ದೆಯಡಿ ನವೀಕರಣ ತಾನಾಗಿ ಆಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. 28ನೇ ವರ್ಷದಲ್ಲಿ ಅರ್ಜಿ ಹಾಕದಿದ್ದರೆ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು, ಬಹುಪಾಲು ಕೃತಿಗಳಿಗೆ ಯಾರೂ ಅರ್ಜಿ ಹಾಕಲಿಲ್ಲ. ಹಾಗಾಗಿ 95 ವರ್ಷ ಪೂರ್ತಿ ಅನುಭವಿಸಿದ್ದು ದುಡ್ಡು ತರುತ್ತಿದ್ದ ಹಾಡುಗಳು, ಅವುಗಳ ಕಡತಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದ ಪ್ರಕಾಶನ ಸಂಸ್ಥೆಗಳು. ಬ್ರಾಡ್‌ವೇಯ ಹೆಸರಾಂತ ಹಾಡುಗಳು ಈ ಗುಂಪಿಗೆ ಸೇರುತ್ತವೆ.

ಒಂದೇ ನಾಟಕದೊಳಗೆ ಹಲವು ಅವಧಿ

ಜೆರೋಮ್ ಕರ್ನ್ ಅವರ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಸಾಹಿತ್ಯವಿರುವ ‘ಶೋ ಬೋಟ್’ ನಾಟಕವನ್ನು ತುಸು ಹತ್ತಿರದಿಂದ ನೋಡಿದರೆ ತೊಡಕು ಸ್ಪಷ್ಟವಾಗುತ್ತದೆ. 1927ರ ಡಿಸೆಂಬರ್ 27ರಂದು ಅದು ಬ್ರಾಡ್‌ವೇಯಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ‘ಓಲ್ ಮ್ಯಾನ್ ರಿವರ್’, ‘ಮೇಕ್ ಬಿಲೀವ್’ ಹಾಡುಗಳು 1927ರಲ್ಲಿ ಪ್ರಕಟವಾದ್ದರಿಂದ 2023ರ ಜನವರಿ 1ರಂದು ಅಮೆರಿಕದಲ್ಲಿ ಬಿಡುಗಡೆಯಾದವು. ಹಾಗೆಂದು ‘ಶೋ ಬೋಟ್’ ಪೂರ್ತಿಯಾಗಿ ಮುಕ್ತವಾಯಿತು ಎಂದು ಒಂದು ನಾಟಕ ತಂಡ ಭಾವಿಸಿದರೆ ಎಡವುತ್ತದೆ. ಇಂದು ರಂಗದ ಮೇಲೆ ಕಾಣುವ ‘ಶೋ ಬೋಟ್’ ಹಲವು ಕಾಲದ ಪದರಗಳಿಂದ ಕೂಡಿದೆ. 1936ರ ಚಲನಚಿತ್ರಕ್ಕಾಗಿ ಅದೇ ಜೋಡಿ ಬರೆದ ‘ಐ ಹ್ಯಾವ್ ದ ರೂಮ್ ಅಬೌವ್ ಹರ್’ ಹಾಡನ್ನು ಮುಂದಿನ ಕೆಲವು ರಂಗಪ್ರಯೋಗಗಳು ಸೇರಿಸಿಕೊಂಡವು. ಅದರ ಹಕ್ಕು 2031ರ ಕೊನೆಯವರೆಗೆ ಇದೆ. 1946ರ ಮರುಪ್ರಯೋಗಕ್ಕೆಂದು ಕರ್ನ್ ತಾವು ತೀರಿಕೊಳ್ಳುವ ಮೊದಲು ಬರೆದಿಟ್ಟ ‘ನೋಬಡಿ ಎಲ್ಸ್ ಬಟ್ ಮಿ’ 2041ರ ಕೊನೆಯವರೆಗೆ ಕಾಯಿಸುತ್ತದೆ.

ಇದರ ಮೇಲೆ ವಾದ್ಯಸಂಯೋಜನೆಯ ಪದರವಿದೆ. ಪಿಯಾನೊ ಮತ್ತು ಕಂಠಕ್ಕೆ ಅಚ್ಚಾದ ಸ್ವರಲಿಪಿ ಒಂದು ಕೃತಿ. ಅದನ್ನು ಪಿಟೀಲು, ತುತ್ತೂರಿ, ಡ್ರಮ್ಮುಗಳ ಪೂರ್ಣ ವಾದ್ಯವೃಂದಕ್ಕೆ ಹಂಚಿ ಬರೆದದ್ದು ಇನ್ನೊಂದು. ‘ಶೋ ಬೋಟ್’ಗೆ ಆ ಕೆಲಸ ಮಾಡಿದವರು ರಾಬರ್ಟ್ ರಸೆಲ್ ಬೆನೆಟ್. ಇಂಥ ವಾದ್ಯಪ್ರತಿಗಳು ಬಹುಮಟ್ಟಿಗೆ ಅಂಗಡಿಯಲ್ಲಿ ಮಾರಾಟವಾಗುತ್ತಿರಲಿಲ್ಲ, ಬಾಡಿಗೆಗೆ ಮಾತ್ರ ಸಿಗುತ್ತಿದ್ದವು. ರಂಗದ ಮೇಲೆ ಸಾವಿರ ಸಲ ಆಡಿದರೂ ಅಮೆರಿಕದ ಕಾನೂನಿನಲ್ಲಿ ಪ್ರದರ್ಶನ ಎಂದರೆ ಪ್ರಕಟಣೆಯಲ್ಲ. ಪ್ರಕಟವೂ ಆಗದೆ ನೋಂದಣಿಯೂ ಆಗದೆ ಉಳಿದ ಹಳೆಯ ಕೃತಿಗೆ 95 ವರ್ಷದ ಲೆಕ್ಕ ಅನ್ವಯಿಸುವುದಿಲ್ಲ, ಕರ್ತೃವಿನ ಜೀವಿತಕ್ಕೆ 70 ವರ್ಷ ಕೂಡಿಸಿದ ಲೆಕ್ಕ ಅನ್ವಯಿಸುತ್ತದೆ. ಬೆನೆಟ್ ತೀರಿಕೊಂಡದ್ದು 1981ರಲ್ಲಿ. ಆದ್ದರಿಂದ 1927ರಲ್ಲಿ ಕೇಳಿಸಿದ ನಾದವೊಂದು ಈ ಶತಮಾನದ ಮಧ್ಯದವರೆಗೂ ಯಾರದೋ ಸ್ವತ್ತಾಗಿ ಉಳಿಯುವುದು ಸಾಧ್ಯ. ಅವಿಭಕ್ತ ಕುಟುಂಬದ ಜಮೀನಿನ ಪಹಣಿಯಲ್ಲಿ ಹಲವರ ಹೆಸರಿರುವಂತೆ ಒಂದೇ ನಾಟಕದ ಮೇಲೆ ಹಲವರ ಹಕ್ಕು ಕೂತಿರುತ್ತದೆ. ಒಬ್ಬರದು ಬಿಟ್ಟುಹೋದರೆ ಉಳಿದವರದು ಹೋಗುವುದಿಲ್ಲ.

ಇದೇ ತರ್ಕದ ಒಳ್ಳೆಯ ಮುಖವೂ ಒಂದಿದೆ. ಹಕ್ಕು ಇರುವುದು ನಿರ್ದಿಷ್ಟ ಅಭಿವ್ಯಕ್ತಿಯ ಮೇಲೆ, ಅದರ ಕೆಳಗಿನ ಹಂದರದ ಮೇಲೆ ಅಲ್ಲ. ‘ಐ ಗಾಟ್ ರಿದಮ್’ ಹಾಡಿನ ಸ್ವರಮೇಳಗಳ ಅನುಕ್ರಮವನ್ನು ಜಾಜ್ ವಾದಕರು ಹಾಡು ಹಕ್ಕಿನಲ್ಲಿರುವಾಗಲೇ ಧಾರಾಳವಾಗಿ ಎತ್ತಿಕೊಂಡು, ಅದರ ಮೇಲೆ ಹೊಸ ಮಟ್ಟುಗಳನ್ನು ಕಟ್ಟಿದರು. ಡ್ಯೂಕ್ ಎಲಿಂಗ್ಟನ್ ಅವರ ‘ಕಾಟನ್ ಟೇಲ್’, ಚಾರ್ಲಿ ಪಾರ್ಕರ್ ನುಡಿಸಿದ ‘ಆಂತ್ರಪಾಲಜಿ’ ಹುಟ್ಟಿದ್ದು ಹೀಗೆ. ಗರ್ಶ್ವಿನ್ ಅವರ ರಾಗರೇಖೆಯನ್ನು ಮುಟ್ಟದಿದ್ದುದರಿಂದ ಗರ್ಶ್ವಿನ್ ಪ್ರಕಾಶಕರಿಗೆ ರಾಯಧನ ಸಲ್ಲಬೇಕಿರಲಿಲ್ಲ. ಆ ಹಂದರಕ್ಕೂ ಬೇಲಿ ಇದ್ದಿದ್ದರೆ ನಲವತ್ತರ ದಶಕದ ಜಾಜ್ ಹೇಗಿರುತ್ತಿತ್ತು ಎಂದು ಊಹಿಸುವುದೇ ಕಷ್ಟ.

ಧ್ವನಿಮುದ್ರಿಕೆಯ ಲೆಕ್ಕವೇ ಬೇರೆ

ಗೊಂದಲದ ದೊಡ್ಡ ಪಾಲು ಇಲ್ಲಿದೆ. ಹಾಡು ಮತ್ತು ಹಾಡಿದ ದನಿ ಎರಡು ಪ್ರತ್ಯೇಕ ಸ್ವತ್ತುಗಳು. 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಿಕೆಗಳಿಗೆ ಅಮೆರಿಕದ ಕೇಂದ್ರ ಕಾಯ್ದೆಯ ರಕ್ಷಣೆಯೇ ಇರಲಿಲ್ಲ. ರಾಜ್ಯಗಳ ಕಾನೂನುಗಳು ಒಂದೊಂದು ರೀತಿ ಇದ್ದವು. 2018ರ ಸಂಗೀತ ಆಧುನೀಕರಣ ಕಾಯ್ದೆ ಇದಕ್ಕೊಂದು ಶಿಸ್ತು ತಂದಿತು. ಅದರಂತೆ 1923ಕ್ಕಿಂತ ಹಿಂದಿನ ಎಲ್ಲ ಧ್ವನಿಮುದ್ರಿಕೆಗಳೂ 2022ರ ಜನವರಿ 1ರಂದು ಒಮ್ಮೆಗೇ ಮುಕ್ತವಾದವು. 1923ರಿಂದ 1946ರವರೆಗಿನವುಗಳಿಗೆ 100 ವರ್ಷ, 1947ರಿಂದ 1956ರವರೆಗಿನವುಗಳಿಗೆ 110 ವರ್ಷ. ಅಲ್ಲಿಂದ 1972ರ ಆ ಗಡಿಯವರೆಗಿನ ಎಲ್ಲವೂ 2067ರ ಫೆಬ್ರವರಿ 15ರವರೆಗೆ ಬಂದಿ.

ಹಾಗಾಗಿ ‘ನೋ, ನೋ, ನನೆಟ್’ ನಾಟಕದ ‘ಟೀ ಫಾರ್ ಟೂ’ ಹಾಡಿನ ಸ್ವರಲಿಪಿ ಅಮೆರಿಕದಲ್ಲಿ 2020ರಲ್ಲಿಯೇ ಬಿಡುಗಡೆಯಾಗಿದ್ದರೂ ಅದರ 1925ರ ಧ್ವನಿಮುದ್ರಿಕೆಗಳು ಈ ವರ್ಷವಷ್ಟೇ ಹೊರಬಂದಿವೆ. ‘ಐ ಗಾಟ್ ರಿದಮ್’ ಹಾಡನ್ನು ಈಗ ಯಾರು ಬೇಕಾದರೂ ಹಾಡಿ ಮುದ್ರಿಸಬಹುದು, ಆದರೆ 1930ರಲ್ಲಿ ಬಂದ ಗ್ರಾಮಫೋನ್ ತಟ್ಟೆಯನ್ನು ಹಂಚಬೇಕೆಂದರೆ 2031ರವರೆಗೆ ಕಾಯಬೇಕು. 1925 ಇನ್ನೊಂದು ಕಾರಣಕ್ಕೂ ಮುಖ್ಯ ವರ್ಷ. ಕಹಳೆಯ ಬಾಯಿಗೆ ಹಾಡುವ ಪದ್ಧತಿ ಹೋಗಿ, ಮೈಕ್ರೊಫೋನಿನ ಮೂಲಕ ವಿದ್ಯುತ್ ಧ್ವನಿಮುದ್ರಣ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಶುರುವಾದದ್ದು ಆ ವರ್ಷ. ಇನ್ನು ಮುಂದೆ ಪ್ರತಿ ಜನವರಿಯಲ್ಲಿ ಸಿಗುವ ಹಳೆಯ ದನಿಗಳು ಕಿವಿಗೆ ಹೆಚ್ಚು ಹತ್ತಿರವಾಗುತ್ತ ಹೋಗುತ್ತವೆ. ಹಳೆಯ ಸಂಗೀತವನ್ನು ಪ್ರೀತಿಸುವವರಿಗೆ ಇದು ನಿಜವಾಗಿಯೂ ಕಾಯುವಂಥ ಸಂಗತಿ.

ಭಾರತದಲ್ಲಿ ಯಾವ ಹಾಡು ಯಾರದು

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಟಣೆಯ ವರ್ಷವನ್ನು ಹಿಡಿಯುವುದಿಲ್ಲ, ಕರ್ತೃವಿನ ಮರಣದ ವರ್ಷವನ್ನು ಹಿಡಿಯುತ್ತದೆ. ಕರ್ತೃ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಮೊದಲು ಇದು 50 ವರ್ಷವಾಗಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯಲಿದ್ದಾಗ ಹತ್ತು ವರ್ಷ ಹೆಚ್ಚಿಸಲಾಯಿತು. ವಾರಸುದಾರರ ಅಥವಾ ಸಂಸ್ಥೆಗಳ ಒತ್ತಾಯಕ್ಕೆ ಗಡುವು ಮುಂದೆ ಹೋಗುವುದು ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ನಮ್ಮ ಕಾಯ್ದೆಯ ಪ್ರಕಾರ ಸಂಗೀತ ಕೃತಿ ಎಂದರೆ ಸಂಗೀತ ಮಾತ್ರ, ಹಾಡಿನ ಪದಗಳು ಅದರಲ್ಲಿ ಸೇರುವುದಿಲ್ಲ. ಪದಗಳು ಸಾಹಿತ್ಯ ಕೃತಿ. ಕನ್ನಡದ ಸುಗಮ ಸಂಗೀತವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಕವಿತೆಗಳು 2055ರ ಜನವರಿ 1ರಂದು ಎಲ್ಲರ ಸ್ವತ್ತಾಗುತ್ತವೆ. ಆದರೆ ಅದೇ ಕವಿತೆಗೆ ಸಿ. ಅಶ್ವತ್ಥ್ ಹಾಕಿದ ಮಟ್ಟು ಇದ್ದರೆ, ಅವರು 2009ರಲ್ಲಿ ನಿಧನರಾದ್ದರಿಂದ ಆ ಮಟ್ಟು 2069ರ ಕೊನೆಯವರೆಗೆ ಹಕ್ಕಿನಲ್ಲಿಯೇ ಇರುತ್ತದೆ. ಪದ ಬಿಡುಗಡೆಯಾದ ದಿನ ಹೊಸ ಮಟ್ಟು ಕಟ್ಟಬಹುದು, ಹಳೆಯ ಮಟ್ಟಿನಲ್ಲಿ ಹಾಡಿ ಮಾರುವುದಕ್ಕೆ ಅನುಮತಿ ಬೇಕು.

ಇದೇ ಲೆಕ್ಕವನ್ನು ಬ್ರಾಡ್‌ವೇಗೆ ಹಾಕಿದರೆ ಅಚ್ಚರಿಯ ಫಲಿತಾಂಶಗಳು ಬರುತ್ತವೆ. ಕರ್ನ್ 1945ರಲ್ಲಿ, ಹ್ಯಾಮರ್‌ಸ್ಟೈನ್ 1960ರಲ್ಲಿ ತೀರಿಕೊಂಡರು. ಆದ್ದರಿಂದ ‘ಓಲ್ ಮ್ಯಾನ್ ರಿವರ್’ ಭಾರತದಲ್ಲಿ 2021ರ ಜನವರಿ 1ಕ್ಕೇ ಪೂರ್ತಿ ಮುಕ್ತವಾಗಿತ್ತು, ಅದು ಹುಟ್ಟಿದ ಅಮೆರಿಕಕ್ಕಿಂತ ಎರಡು ವರ್ಷ ಮೊದಲು. ಪಾಲ್ ರಾಬ್ಸನ್ ಕಂಠದಲ್ಲಿ ಜಗತ್ತಿಗೆಲ್ಲ ಪರಿಚಯವಾದ ಈ ಹಾಡಿನಿಂದ ಸ್ಫೂರ್ತಿ ಪಡೆದೇ ಭೂಪೇನ್ ಹಜಾರಿಕಾ ಅಸ್ಸಾಮಿಯಲ್ಲಿ ತಮ್ಮ ನದಿಯ ಹಾಡನ್ನು ಕಟ್ಟಿದ್ದು.

ಗರ್ಶ್ವಿನ್ ಸೋದರರ ವಿಷಯ ಇನ್ನೂ ಸೂಕ್ಷ್ಮ. ಜಾರ್ಜ್ 1937ರಲ್ಲಿ ಇನ್ನೂ 38ರ ವಯಸ್ಸಿನಲ್ಲಿ ತೀರಿಕೊಂಡರು. ಅಂದಿನ 50 ವರ್ಷದ ಲೆಕ್ಕದಲ್ಲಿ ಅವರ ಮಟ್ಟುಗಳು ಭಾರತದಲ್ಲಿ 1988ರಲ್ಲಿಯೇ ಬಿಡುಗಡೆಯಾದವು. ಐರಾ 1983ರವರೆಗೆ ಬದುಕಿದ್ದರು, ಅವರ ಪದಗಳಿಗೆ 60 ವರ್ಷ ಕೂಡಿಸಿದರೆ 2043ರ ಕೊನೆ ಬರುತ್ತದೆ. ಆದರೆ ವಿದೇಶಿ ಕೃತಿಗೆ ಅದರ ಮೂಲ ದೇಶದಲ್ಲಿರುವ ಅವಧಿಗಿಂತ ಹೆಚ್ಚಿನ ಅವಧಿ ಇಲ್ಲಿ ಸಿಗುವುದಿಲ್ಲ ಎಂದು 1999ರ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಆದೇಶ ಹೇಳುತ್ತದೆ. ಅಂದರೆ ಅಮೆರಿಕದಲ್ಲಿ ಮೊದಲು ಪ್ರಕಟವಾಗಿ, ಅಲ್ಲಿಯೇ ಹಕ್ಕು ಕಳೆದುಕೊಂಡ ‘ಐ ಗಾಟ್ ರಿದಮ್’ ಪದಗಳಿಗೆ ಇಲ್ಲಿಯೂ ಈ ಜನವರಿಯಿಂದ ಹಕ್ಕು ಉಳಿಯುವುದಿಲ್ಲ. ನ್ಯೂಯಾರ್ಕಿನ ಸುದ್ದಿ ಎಂದು ನಾವು ಓದಿ ಮಡಚಿಡುವ ಪಟ್ಟಿ ಬೆಂಗಳೂರಿನ ಗಾಯನವೃಂದಕ್ಕೆ ಹದಿನೆಂಟು ವರ್ಷದ ಕಾಯುವಿಕೆಯನ್ನು ಉಳಿಸಿದೆ.

ಧ್ವನಿಮುದ್ರಿಕೆಗೆ ನಮ್ಮಲ್ಲಿ ಹೊರಬಂದ ಮರುವರ್ಷದಿಂದ 60 ವರ್ಷ. ಎಲಾ ಫಿಟ್ಜ್‌ಜೆರಾಲ್ಡ್ 1959ರಲ್ಲಿ ಹೊರತಂದ ಗರ್ಶ್ವಿನ್ ಗೀತಸಂಪುಟದ ಧ್ವನಿಮುದ್ರಿಕೆಯ ಹಕ್ಕು ಭಾರತದಲ್ಲಿ 2019ರ ಕೊನೆಗೆ ತೀರಿತು, ಅಮೆರಿಕದಲ್ಲಿ ಅದು 2067ರವರೆಗೆ ಇರುತ್ತದೆ. ಅದರ ವಾದ್ಯಸಂಯೋಜನೆ ಮಾಡಿದ ನೆಲ್ಸನ್ ರಿಡಲ್ 1985ರಲ್ಲಿ ತೀರಿಕೊಂಡವರು. ಆ ಪದರದ ಮೇಲೆ ಪ್ರತ್ಯೇಕ ಹಕ್ಕು ಉಳಿದಿರಬಹುದು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಶಾಲಾ ವಾರ್ಷಿಕೋತ್ಸವಗಳಿಗೆ ಅತಿ ಪರಿಚಿತವಾದ ‘ದ ಸೌಂಡ್ ಆಫ್ ಮ್ಯೂಸಿಕ್’ ಇನ್ನೂ ಒಳ್ಳೆಯ ಉದಾಹರಣೆ. ಚಲನಚಿತ್ರಕ್ಕೆ ಭಾರತದಲ್ಲಿ ಬಿಡುಗಡೆಯ ಮರುವರ್ಷದಿಂದ 60 ವರ್ಷ. 1965ರ ಈ ಚಿತ್ರದ ಮೇಲಿನ ಹಕ್ಕು, ಚಿತ್ರವೆಂಬ ಕೃತಿಯ ಮಟ್ಟಿಗೆ, 2025ರ ಕೊನೆಗೆ ಮುಗಿದಿದೆ. ಹ್ಯಾಮರ್‌ಸ್ಟೈನ್ ಬರೆದ ‘ಡೊ ರೆ ಮಿ’ ಪದಗಳು 2021ರಿಂದ ಇಲ್ಲಿ ಮುಕ್ತ. ಆದರೆ ಮಟ್ಟು ಹಾಕಿದ ರಿಚರ್ಡ್ ರಾಡ್ಜರ್ಸ್ 1979ರ ಡಿಸೆಂಬರ್ 30ರಂದು ತೀರಿಕೊಂಡದ್ದರಿಂದ ಅವರ ಸಂಗೀತ 2039ರ ಕೊನೆಯವರೆಗೆ ಹಕ್ಕಿನಲ್ಲಿದೆ. ಹ್ಯಾಮರ್‌ಸ್ಟೈನ್ ನಿಧನದ ನಂತರ ಚಿತ್ರಕ್ಕಾಗಿಯೇ ಸೇರಿಸಿದ ‘ಐ ಹ್ಯಾವ್ ಕಾನ್ಫಿಡೆನ್ಸ್’ ಮತ್ತು ‘ಸಮ್‌ಥಿಂಗ್ ಗುಡ್’ ಹಾಡುಗಳಿಗೆ ಪದಗಳನ್ನೂ ರಾಡ್ಜರ್ಸ್ ಅವರೇ ಬರೆದರು, ಹೀಗಾಗಿ ಅವುಗಳ ಪದವೂ 2039ರವರೆಗೆ ಬಂದಿ. ಚಿತ್ರದ ಹಕ್ಕು ಮುಗಿದಿದ್ದರೂ ಹಾಡುಗಳನ್ನು ಕತ್ತರಿಸದೆ ಅದನ್ನು ಹಂಚುವುದು ಸುಲಭವಲ್ಲ, ಹಾಡು ಕತ್ತರಿಸಿದ ಮೇಲೆ ಆ ಚಿತ್ರದಲ್ಲಿ ಉಳಿಯುವುದಾದರೂ ಏನು! ಇಲ್ಲಿ ಮುಕ್ತವಾದದ್ದನ್ನು ಅಂತರಜಾಲಕ್ಕೆ ಏರಿಸಿದರೆ ಅದು ಹಕ್ಕು ಉಳಿದಿರುವ ದೇಶಗಳಲ್ಲಿಯೂ ತೆರೆದುಕೊಳ್ಳುತ್ತದೆ, ಅಲ್ಲಿನ ಕಾನೂನು ಅಲ್ಲಿ ಅನ್ವಯಿಸುತ್ತದೆ.

ವಾರಸುದಾರರ ವಾದ ಮತ್ತು ಅದರ ಎದುರು ವಾದ

ಅವಧಿ ಹೆಚ್ಚಬೇಕು ಎಂದವರು ಬರೀ ಹಣದ ಮಾತು ಆಡಲಿಲ್ಲ. ಜನರ ಆಯುಷ್ಯ ಹೆಚ್ಚಿದೆ, ಮಕ್ಕಳು ಮೊಮ್ಮಕ್ಕಳ ಕಾಲಕ್ಕಾದರೂ ಹಕ್ಕು ಉಳಿಯಬೇಕು. ಯುರೋಪ್ ಮರಣಾನಂತರ 70 ವರ್ಷ ಕೊಡುವಾಗ ಅಮೆರಿಕ ಹಿಂದೆ ಬೀಳಬಾರದು. ಒಡೆಯರಿದ್ದರೆ ಕೃತಿಯನ್ನು ಜೋಪಾನ ಮಾಡುತ್ತಾರೆ, ಇಲ್ಲದಿದ್ದರೆ ಅದು ಅನಾಥವಾಗುತ್ತದೆ ಎಂಬುದು ಅವರ ವಾದ. 1998ರ ತಿದ್ದುಪಡಿಯನ್ನು ಬೆಂಬಲಿಸಿದವರಲ್ಲಿ ಗರ್ಶ್ವಿನ್ ಕುಟುಂಬವೂ ಇತ್ತು. ಜಾರ್ಜ್ ಅವರ ‘ಪೋರ್ಗಿ ಅಂಡ್ ಬೆಸ್’ ಒಪೆರಾದ ಪಾತ್ರಗಳನ್ನು ಕಪ್ಪು ಜನಾಂಗದ ಕಲಾವಿದರೇ ವಹಿಸಬೇಕು ಎಂಬ ಷರತ್ತನ್ನು ಕುಟುಂಬ ಕಾಯ್ದುಕೊಂಡು ಬಂದಿದೆ. ಬೇರೆ ಒಪೆರಾಗಳಲ್ಲಿ ಅವಕಾಶವೇ ಸಿಗದ ಕಾಲದಲ್ಲಿ ತಲೆಮಾರುಗಳ ಕಪ್ಪು ಗಾಯಕರಿಗೆ ಈ ಷರತ್ತು ಕೆಲಸ ಕೊಟ್ಟಿತು. 2018ರಲ್ಲಿ ಬುಡಾಪೆಸ್ಟಿನ ಹಂಗೇರಿಯನ್ ಸ್ಟೇಟ್ ಒಪೆರಾ ಬಹುತೇಕ ಬಿಳಿಯ ಗಾಯಕರನ್ನು ಇಟ್ಟುಕೊಂಡು ಇದನ್ನು ಆಡಿದಾಗ ದೊಡ್ಡ ವಿವಾದವೇ ಆಯಿತು. 1935ರ ಈ ಕೃತಿ 2031ರ ಜನವರಿ 1ರಂದು ಅಮೆರಿಕದಲ್ಲಿ ಮುಕ್ತವಾದ ಮೇಲೆ ಷರತ್ತನ್ನು ಕಾನೂನಿನ ಬಲದಿಂದ ಹೇರುವ ಅಧಿಕಾರ ಅಲ್ಲಿ ಯಾರಿಗೂ ಇರುವುದಿಲ್ಲ. ವಾರಸುದಾರರ ವಾದದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಈ ಒಂದೇ ಅಂಶ.

ಎದುರು ವಾದ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆಗಲೇ ಬರೆದು ಮುಗಿಸಿದ ಕೃತಿಯ ಅವಧಿ ಹೆಚ್ಚಿಸಿದರೆ ಸತ್ತ ಸಂಗೀತಗಾರ ಇನ್ನೊಂದು ಹಾಡು ಬರೆಯುವುದಿಲ್ಲ, ಆದ್ದರಿಂದ ಸೃಷ್ಟಿಗೆ ಪ್ರೋತ್ಸಾಹ ಕೊಡುವುದೆಂಬ ಸಂವಿಧಾನದ ಉದ್ದೇಶ ಇಲ್ಲಿ ಈಡೇರುವುದಿಲ್ಲ ಎಂಬುದು, ಹಕ್ಕು ಮುಗಿದ ಪುಸ್ತಕಗಳನ್ನು ಅಂತರಜಾಲದಲ್ಲಿ ಪ್ರಕಟಿಸುತ್ತಿದ್ದ ಅರ್ಜಿದಾರ ಎರಿಕ್ ಎಲ್ಡ್ರೆಡ್ ಪರವಾದ ವಾದದ ತಿರುಳು. ಮಿಲ್ಟನ್ ಫ್ರೀಡ್‌ಮನ್, ಕೆನೆತ್ ಆರೋ ಸೇರಿದಂತೆ 17 ಅರ್ಥಶಾಸ್ತ್ರಜ್ಞರು ವಿಸ್ತರಣೆಯ ವಿರುದ್ಧ ನ್ಯಾಯಾಲಯಕ್ಕೆ ಅಭಿಪ್ರಾಯ ಸಲ್ಲಿಸಿದರು. 2003ರಲ್ಲಿ ನ್ಯಾಯಾಲಯ 7-2ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಅವಧಿ ಎಷ್ಟಿರಬೇಕೆಂದು ನಿರ್ಧರಿಸುವುದು ಸಂಸತ್ತಿನ ಕೆಲಸ, ಅದಕ್ಕೊಂದು ಮಿತಿ ಇರುವವರೆಗೆ ನ್ಯಾಯಾಲಯ ಕೈಹಾಕುವುದಿಲ್ಲ ಎಂಬುದು ಆ ತೀರ್ಪಿನ ಧೋರಣೆ.

ಕಾನೂನಾಗಿ ಅದು ಸರಿಯಿರಬಹುದು, ಆದರೆ ಫಲ ನೋಡಿದರೆ ಸಮಾಜಕ್ಕೆ ನಷ್ಟವೇ ಆಗಿದೆ. ಗರ್ಶ್ವಿನ್, ಕರ್ನ್, ಅರ್ವಿಂಗ್ ಬರ್ಲಿನ್ ಅವರಂಥವರ ಹಾಡುಗಳು ಹಕ್ಕು ಇದ್ದಾಗಲೂ ಬದುಕಿದ್ದವು, ಏಕೆಂದರೆ ಅವುಗಳಿಂದ ಸಂಪಾದನೆ ಇತ್ತು. ಅದೇ ವರ್ಷಗಳಲ್ಲಿ ರಂಗಕ್ಕೆ ಬಂದು ಮರೆತುಹೋದ ನೂರಾರು ಹಾಡುಗಳ ಗತಿ ಹಾಗಲ್ಲ. ಅವುಗಳಲ್ಲಿ ಯಾವುದು ನವೀಕರಣಗೊಂಡಿದೆ, ಗೊಂಡಿದ್ದರೆ ಈಗಿನ ಒಡೆಯರು ಯಾರು ಎಂಬುದನ್ನು ಪತ್ತೆಹಚ್ಚುವುದಕ್ಕೇ ಖರ್ಚು ತಗಲುತ್ತದೆ. ಸಣ್ಣ ತಂಡ ಆ ತಲೆನೋವಿಗೆ ಹೋಗದೆ ಕೈಬಿಡುತ್ತದೆ, ಹಾಡು ಸಾಯುತ್ತದೆ. ಬೆರಳೆಣಿಕೆಯ ಕುಟುಂಬಗಳ ಆದಾಯಕ್ಕಾಗಿ ಒಂದು ತಲೆಮಾರಿನ ಇಡೀ ರಂಗಸಂಗೀತವನ್ನು ಇಪ್ಪತ್ತು ವರ್ಷ ಬೀಗಹಾಕಿ ಇಟ್ಟದ್ದು ನ್ಯಾಯವೆನಿಸುವುದಿಲ್ಲ.

ಯಂತ್ರದ ತೀರ್ಪು

ಕಾನೂನಿನ ಪ್ರಕಾರ ಬಿಡುಗಡೆಯಾದ ಹಾಡೂ ವ್ಯವಹಾರದಲ್ಲಿ ಬಿಡುಗಡೆಯಾಗದಿರಬಹುದು. ಯೂಟ್ಯೂಬ್‌ನಂಥ ವೇದಿಕೆಗಳಲ್ಲಿ ಹಕ್ಕಿನ ತಪಾಸಣೆ ನಡೆಸುವುದು ಯಂತ್ರ. ಅದು ಸಂಸ್ಥೆಗಳು ಒಪ್ಪಿಸಿದ ಧ್ವನಿಮಾದರಿಗಳೊಂದಿಗೆ ಹೊಸ ವಿಡಿಯೋವನ್ನು ಹೋಲಿಸುತ್ತದೆ. ಮುಕ್ತವಾದ ಹಾಡನ್ನು ನೀವೇ ಹಾಡಿ ಏರಿಸಿದರೂ, ಅದೇ ಮಟ್ಟಿನ ಬೇರೆ ಮುದ್ರಿಕೆಯೊಂದಕ್ಕೆ ಹೊಂದಿಕೆಯಾಯಿತೆಂದು ಯಂತ್ರ ಆಕ್ಷೇಪಿಸಬಹುದು. ಮುಕ್ತವೆಂದು ಸಾಬೀತುಪಡಿಸುವ ಹೊಣೆ ಆಗ ಹಾಡಿದವರ ತಲೆಗೆ ಬೀಳುತ್ತದೆ. ವಿಡಿಯೋದಿಂದ ನಾಲ್ಕು ಕಾಸು ಬರದವರು ದಾಖಲೆ ಹುಡುಕಿ ವಾದಿಸುವುದಕ್ಕಿಂತ ಅಳಿಸಿಹಾಕುವುದೇ ಸುಲಭವೆಂದುಕೊಳ್ಳುತ್ತಾರೆ.

ಸುಳ್ಳು ಹಕ್ಕು ಎಷ್ಟು ದೀರ್ಘಕಾಲ ಬಾಳಬಲ್ಲದು ಎಂಬುದಕ್ಕೆ ‘ಹ್ಯಾಪಿ ಬರ್ತ್‌ಡೇ’ ಹಾಡೇ ಸಾಕ್ಷಿ. ಅದರ ಮಟ್ಟು 1893ರಲ್ಲಿ ಪ್ರಕಟವಾದದ್ದು. 1933ರ ಬ್ರಾಡ್‌ವೇ ಪ್ರದರ್ಶನ ‘ಆ್ಯಸ್ ಥೌಸಂಡ್ಸ್ ಚಿಯರ್’ನಲ್ಲಿ ಅದನ್ನು ಬಳಸಿದಾಗಲೇ ಮೊಕದ್ದಮೆ ಹೂಡಲಾಗಿತ್ತು. ಆಮೇಲೆ ವಾರ್ನರ್ ಚಾಪೆಲ್ ಸಂಸ್ಥೆ ಚಿತ್ರ ನಿರ್ಮಾಪಕರಿಂದ ದಶಕಗಳ ಕಾಲ ಶುಲ್ಕ ಪಡೆಯಿತು. 2015ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಆ ಪದಗಳ ಮೇಲೆ ಸಂಸ್ಥೆಗೆ ಊರ್ಜಿತವಾದ ಹಕ್ಕಿಲ್ಲ ಎಂದು ಹೇಳಿತು, ಮರುವರ್ಷ 1.4 ಕೋಟಿ ಡಾಲರಿಗೆ ರಾಜಿಯಾಯಿತು. ಹಿಂದೆ ಶುಲ್ಕ ತೆತ್ತವರು ಪ್ರಶ್ನೆ ಕೇಳದಿದ್ದುದಕ್ಕೆ ಕಾರಣ ಇಷ್ಟೇ: ಮೊಕದ್ದಮೆಗಿಂತ ಶುಲ್ಕ ಅಗ್ಗ.

ಮುಂದಿನ ವರ್ಷಗಳು

2027ರ ಜನವರಿಯಲ್ಲಿ 1931ರ ಹಾಡುಗಳ ಸರದಿ. ‘ಕಾಸಾಬ್ಲಾಂಕಾ’ ಚಿತ್ರದಿಂದ ಪ್ರಸಿದ್ಧವಾದ ‘ಆ್ಯಸ್ ಟೈಮ್ ಗೋಸ್ ಬೈ’ ಅವುಗಳಲ್ಲೊಂದು. ಹರ್ಮನ್ ಹುಪ್‌ಫೆಲ್ಡ್ ಅದನ್ನು ಬರೆದದ್ದು ಚಿತ್ರಕ್ಕಲ್ಲ, ಅದಕ್ಕೂ ಹನ್ನೊಂದು ವರ್ಷ ಹಿಂದಿನ ಬ್ರಾಡ್‌ವೇ ನಾಟಕವೊಂದಕ್ಕೆ. ಹಾಡು ಬಿಡುಗಡೆಯಾದರೂ ಚಿತ್ರದಲ್ಲಿ ಅದನ್ನು ಹಾಡುವ ದೃಶ್ಯ ಬಿಡುಗಡೆಯಾಗುವುದಿಲ್ಲ. 1943ರ ‘ಒಕ್ಲಹೋಮ!’ 2039ರಲ್ಲಿ ಬರುತ್ತದೆ. ಆ ಹೊತ್ತಿಗೆ ಬ್ರಾಡ್‌ವೇಯ ಚಿನ್ನದ ಕಾಲವೆಂದು ಕರೆಯುವ ಅವಧಿಯ ಹಾಡುಗಳು ವರ್ಷಕ್ಕೊಂದು ಕಂತಿನಲ್ಲಿ ಹೊರಬರತೊಡಗುತ್ತವೆ, ಅವಧಿಯನ್ನು ಮತ್ತೊಮ್ಮೆ ಹಿಗ್ಗಿಸುವ ಕಾಯ್ದೆ ಬರದಿದ್ದರೆ.

ಹಾಡಬೇಕೆನ್ನುವವರಿಗೆ ಇದರಿಂದ ಸಿಗುವ ದಾರಿ ಇದು. ಹಳೆಯ ಮುದ್ರಣದ ಸ್ವರಲಿಪಿಯಿಂದ ಹೊರಡಬೇಕು, ಇತ್ತೀಚಿನ ಸಂಪಾದಿತ ಪ್ರತಿಯಿಂದ ಅಲ್ಲ; ವಾದ್ಯಸಂಯೋಜನೆಯನ್ನು ತಾವೇ ಮಾಡಿಕೊಳ್ಳಬೇಕು; ಪದ, ಮಟ್ಟು, ಮುದ್ರಿಕೆ ಈ ಮೂರರ ವರ್ಷವನ್ನೂ ಬೇರೆ ಬೇರೆಯಾಗಿ ನೋಡಬೇಕು. ಬ್ರಿಟಿಷ್ ಮ್ಯೂಸಿಕ್ ಹಾಲಿನ 1912ರ ‘ಟಿಪರರಿ’ ಹಾಡಿನ ಮಟ್ಟನ್ನು ಹಿಡಿದು ಟಿ.ಪಿ. ಕೈಲಾಸಂ ಕಟ್ಟಿದ ‘ತಿಪ್ಪಾರಳ್ಳಿ’ಯನ್ನು ಇಂದು ಒಂದು ತಂಡ ಮುದ್ರಿಸಬೇಕೆಂದರೆ ಲೆಕ್ಕ ಸಲೀಸು: ಮೂಲದ ಇಬ್ಬರು ಕರ್ತೃಗಳು 1924 ಮತ್ತು 1938ರಲ್ಲಿ, ಕೈಲಾಸಂ 1946ರಲ್ಲಿ ತೀರಿಕೊಂಡರು, ಎಲ್ಲರ ಅವಧಿಯೂ ಭಾರತದಲ್ಲಿ ಮುಗಿದಿದೆ.

ಆದರೆ ಕೈಲಾಸಂ ಅವರ ಮರಣದ ವರ್ಷ ನಮಗೆ ಗೊತ್ತಿರುವುದರಿಂದ ಮಾತ್ರ ಈ ಲೆಕ್ಕ ಸಾಧ್ಯವಾಯಿತು. ಹಳೆಯ ಪ್ರಕಟಿತ ಹಾಡುಗಳ ಮಟ್ಟಿಗೆ ಅಮೆರಿಕದ ಪದ್ಧತಿಗೆ ಪ್ರಕಟಣೆಯ ವರ್ಷ ಸಾಕು, ಅದು ಸ್ವರಲಿಪಿಯ ಮುಖಪುಟದ ಮೇಲೆಯೇ ಅಚ್ಚಾಗಿರುತ್ತದೆ. ನಮ್ಮ ಪದ್ಧತಿಗೆ ಕರ್ತೃ ಯಾರು, ಯಾವಾಗ ತೀರಿಕೊಂಡರು ಎಂಬುದು ಬೇಕು. ಕಂಪನಿ ನಾಟಕಗಳಿಗೆ ಪದ ಹೊಸೆದ, ಹಾರ್ಮೋನಿಯಂ ಮುಂದೆ ಕೂತು ಮಟ್ಟು ಕೂಡಿಸಿದ ಎಷ್ಟೋ ಮಂದಿಯ ಹೆಸರೇ ಹ್ಯಾಂಡ್‌ಬಿಲ್ಲುಗಳಲ್ಲಿ ಇಲ್ಲ. ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಪ್ರಕಟಣೆಯಿಂದ 60 ವರ್ಷ ಎಂದು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ, ಆದರೆ ಅಚ್ಚಿಗೇ ಹೋಗದ ಹಾಡಿಗೆ ಅದೂ ನೆರವಾಗುವುದಿಲ್ಲ. ಆ ಕಂಪನಿಗಳಲ್ಲಿ ದುಡಿದ ಹಿರಿಯ ಕಲಾವಿದರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಯಾವ ಹಾಡಿನ ಪದ ಯಾರದು, ಮಟ್ಟು ಯಾರದು ಎಂದು ಅವರಿಂದ ಕೇಳಿ ಬರೆದಿಡುವ ಕೆಲಸವನ್ನು ವಿಶ್ವವಿದ್ಯಾಲಯಗಳ ರಂಗಭೂಮಿ ವಿಭಾಗಗಳು ಮತ್ತು ನಾಟಕ ಅಕಾಡೆಮಿ ಈಗಲೇ ಕೈಗೆತ್ತಿಕೊಳ್ಳಬೇಕು.